ಇದು ಯಾವ ಲಿನಕ್ಸ್? – ಗುರುತು ಹೇಳುವ ಆದೇಶಗಳ ಒಂದು ವಿಮರ್ಶೆ

ಲಿನಕ್ಸ್ ಇರುವ ಗಣಕದ ಮುಂದೆ ಕುಳಿತ ವಿದ್ಯಾರ್ಥಿಗೆ ಪ್ರಾಯೋಗಿಕ ತರಗತಿಯಲ್ಲಿ ಮೊದಲ ದಿನವೇ ಕೇಳಬಹುದಾದ ಪ್ರಶ್ನೆ ಇದು: 'ಈ ಗಣಕದಲ್ಲಿರುವುದು ಯಾವ ಲಿನಕ್ಸ್?' ಉತ್ತರ ಸುಲಭವೆಂದೇ ಹಲವರ ಎಣಿಕೆ. ಟರ್ಮಿನಲ್ ತೆರೆದು ಒಂದು ಆದೇಶ ಕೊಟ್ಟರೆ ಒಂದು ಸಾಲು ಮೂಡುತ್ತದೆ. ಅದನ್ನು ದಾಖಲೆ ಪುಸ್ತಕಕ್ಕೆ ಇಳಿಸಿದರೆ ಪ್ರಯೋಗ ಮುಗಿಯಿತು. ಆದರೆ ಆ ಸಾಲನ್ನು ಬರೆದವರು ಯಾರು? ಅದು ಯಾವುದರ ಹೆಸರು? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇವನ್ನು ಕೇಳದೆ ಬರೆದದ್ದು ಅರ್ಧ ಉತ್ತರ ಮಾತ್ರ. ಲಿನಕ್ಸಿನ ಗುರುತು ಹಿಡಿಯಲು ಬಳಕೆಯಲ್ಲಿರುವ ವಿಧಾನಗಳನ್ನು ಒಂದೊಂದಾಗಿ ತೆಗೆದುಕೊಂಡು ಅವುಗಳ ಗುಣದೋಷಗಳನ್ನು ಇಲ್ಲಿ ಪರಿಶೀಲಿಸೋಣ.

ಒಂದು ಸೂಚನೆ: ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಗಣಕದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪು ಮಾಡಬೇಕು.

ಪ್ರಶ್ನೆಯೇ ಸ್ಪಷ್ಟವಾಗಿಲ್ಲ

ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ಕರ್ನೆಲ್‌ನ ಹೆಸರು. ಯಂತ್ರಾಂಶಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಈ ತಿರುಳನ್ನು ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದರು. ಕರ್ನೆಲ್ ಒಂದರಿಂದಲೇ ಗಣಕ ಬಳಕೆಗೆ ಬಾರದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು, ಕಿಟಕಿಗಳನ್ನು ತೋರಿಸುವ ವ್ಯವಸ್ಥೆ, ಪದ ಸಂಸ್ಕಾರಕ, ಫಾಂಟುಗಳು ಎಲ್ಲವೂ ಬೇಕು. ಇವನ್ನೆಲ್ಲ ಒಟ್ಟುಗೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಕಾಲಕಾಲಕ್ಕೆ ತಿದ್ದುಪಡಿ ಒದಗಿಸುವ ಕೆಲಸವನ್ನು ಬೇರೆ ಬೇರೆ ಗುಂಪುಗಳು ಮಾಡುತ್ತವೆ. ಹೀಗೆ ಸಿದ್ಧವಾದ ಒಟ್ಟು ವ್ಯವಸ್ಥೆಗೆ 'ವಿತರಣೆ' ಎಂದು ಹೆಸರು. ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ 1993ರಲ್ಲಿ ಹುಟ್ಟಿದವು. ಡೆಬಿಯನ್ನನ್ನು ಆಧರಿಸಿದ ಉಬುಂಟು 2004ರಲ್ಲಿ ಬಂತು.

ಆದ್ದರಿಂದ 'ಯಾವ ಲಿನಕ್ಸ್' ಎಂಬ ಒಂದು ಪ್ರಶ್ನೆಯೊಳಗೆ ಐದು ಪ್ರಶ್ನೆಗಳಿವೆ. ಕರ್ನೆಲ್‌ನ ಆವೃತ್ತಿ ಯಾವುದು? ವಿತರಣೆ ಯಾವುದು? ಆ ವಿತರಣೆಯ ಆವೃತ್ತಿ ಎಷ್ಟು? ಅದು ಯಾವ ಮೂಲದಿಂದ ಬಂದದ್ದು? 32 ಬಿಟ್‌ನದೋ 64 ಬಿಟ್‌ನದೋ? ಪಠ್ಯಗಳಲ್ಲಿ ಈ ಐದನ್ನೂ ಬೇರ್ಪಡಿಸದೆ ಒಂದೇ ಆದೇಶವನ್ನು ಉತ್ತರವಾಗಿ ಕೊಡುವುದರಿಂದಲೇ ಗೊಂದಲ ಆರಂಭವಾಗುತ್ತದೆ.

ಹೆಸರು ಮತ್ತು ವಸ್ತು

ಹುನಗುಂದ ತಾಲ್ಲೂಕಿನ ಐಹೊಳೆಗೆ ಪ್ರವಾಸ ಹೋದ ವಿದ್ಯಾರ್ಥಿಗಳು ದುರ್ಗಾ ಗುಡಿಯನ್ನು ನೋಡಿರುತ್ತಾರೆ. ಅದಕ್ಕೆ ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಪಕ್ಕದಲ್ಲಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ ಬಂದದ್ದು. ಲಾಡ್‌ಖಾನ್ ಗುಡಿಯ ಹೆಸರು ಅದನ್ನು ಕಟ್ಟಿಸಿದವನದಲ್ಲ. ಬಹುಕಾಲದ ನಂತರ ಅದರಲ್ಲಿ ವಾಸವಿದ್ದವನದು. ಹೆಸರುಗಳು ಸುಳ್ಳಲ್ಲ, ಊರಿನವರು ಅವುಗಳಿಂದಲೇ ಗುಡಿಗಳನ್ನು ಗುರುತಿಸುತ್ತಾರೆ. ಆದರೆ ಕಟ್ಟಡದ ಚರಿತ್ರೆ ಬೇಕಾದವರು ಹೆಸರಿನಲ್ಲಿ ನಿಲ್ಲದೆ ಕಂಬ, ತಳವಿನ್ಯಾಸ, ಶಾಸನಗಳನ್ನು ನೋಡಬೇಕಾಗುತ್ತದೆ.

ಗಣಕದ ಪರದೆಯ ಮೇಲಿನ ಚಿಹ್ನೆ, ಹಿನ್ನೆಲೆಯ ಚಿತ್ರ, ಗಣಕಕ್ಕೆ ಇಟ್ಟ ಹೆಸರು ಇವೆಲ್ಲ ಇಂಥವೇ. ಹಿನ್ನೆಲೆಯ ಚಿತ್ರವನ್ನು ಯಾರು ಬೇಕಾದರೂ ಬದಲಿಸಬಹುದು. ಗ್ನೋಮ್ ಎಂಬ ಒಂದೇ ಮೇಜುಮುಖ ಡೆಬಿಯನ್‌ನಲ್ಲೂ ಫೆಡೋರಾದಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಒಂದೇ ಉಬುಂಟು ಬೇರೆ ಬೇರೆ ಮೇಜುಮುಖಗಳೊಡನೆ ಬೇರೆ ಬೇರೆಯಾಗಿ ಕಾಣುತ್ತದೆ. ನೋಟದಿಂದ ವಿತರಣೆಯನ್ನು ಊಹಿಸಬಹುದು, ನಿರ್ಧರಿಸಲಾಗದು.

ಯುನೇಮ್: ಬೇರೆ ಪ್ರಶ್ನೆಗೆ ಸರಿಯಾದ ಉತ್ತರ

ದಾಖಲೆ ಪುಸ್ತಕಗಳಲ್ಲಿ ಬಹಳ ಸಲ ಕಾಣಸಿಗುವುದು 'ಯುನೇಮ್ -ಎ' ಎಂಬ ಆದೇಶ. ಇದು ಯೂನಿಕ್ಸ್ ಕಾಲದಿಂದ ಬಂದದ್ದು, ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಇದು ಕರ್ನೆಲ್‌ನ ಹೆಸರು, ಗಣಕದ ಹೆಸರು, ಕರ್ನೆಲ್‌ನ ಆವೃತ್ತಿ, ಯಂತ್ರದ ಬಗೆ ಇವನ್ನು ತಿಳಿಸುತ್ತದೆ. ವಿತರಣೆಯನ್ನು ತಿಳಿಸುವುದು ಇದರ ಕೆಲಸವೇ ಅಲ್ಲ. ಆದರೂ ಕೆಲವು ಸುಳಿವು ಸಿಗುತ್ತವೆ. 'ಯುನೇಮ್ -ಆರ್' ಕೊಟ್ಟಾಗ ಆವೃತ್ತಿಯ ಕೊನೆಯಲ್ಲಿ 'ಜೆನೆರಿಕ್' ಎಂದಿದ್ದರೆ ಅದು ಉಬುಂಟುವಿನ ಕರ್ನೆಲ್ ಇರಬಹುದು. 'ಎಫ್‌ಸಿ' ಎಂಬ ಅಕ್ಷರಗಳ ಮುಂದೆ ಅಂಕಿಯಿದ್ದರೆ ಫೆಡೋರಾದ್ದು. 'ಇಎಲ್' ಇದ್ದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಅಥವಾ ಅದರ ವಂಶದ್ದು. ಕರ್ನೆಲ್ ಒಂದನ್ನೇ ಬದಲಿಸಲು ಸಾಧ್ಯವಿರುವುದರಿಂದ ಇದೂ ಸುಳಿವು ಮಾತ್ರ.

'ಯುನೇಮ್ -ಎಂ' ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇದು 'ಐ686' ಎಂದು ತೋರಿಸಿದರೆ 'ಈ ಗಣಕ 32 ಬಿಟ್‌ನದು' ಎಂದು ಬರೆಯುವುದುಂಟು. ನಿಜವಾಗಿ ತಿಳಿದದ್ದು ಕರ್ನೆಲ್ 32 ಬಿಟ್‌ನದು ಎಂಬುದಷ್ಟೇ. ಸಂಸ್ಕಾರಕ 64 ಬಿಟ್‌ನದಿದ್ದು ಯಾರೋ ಹಿಂದೆ 32 ಬಿಟ್‌ನ ವ್ಯವಸ್ಥೆ ಹಾಕಿರಬಹುದು. 'ಎಲ್‌ಎಸ್‌ಸಿಪಿಯು' ಎಂಬ ಆದೇಶ ಕೊಟ್ಟರೆ ಸಂಸ್ಕಾರಕ ಯಾವ ಯಾವ ಕ್ರಮದಲ್ಲಿ ನಡೆಯಬಲ್ಲದು ಎಂಬ ಸಾಲು ಬರುತ್ತದೆ. ಶಾಲೆಯ ಹಳೆಯ ಗಣಕವನ್ನು ಗುಜರಿಗೆ ಹಾಕಬೇಕೋ ಹೊಸ ವಿತರಣೆ ಹಾಕಿ ಇನ್ನಷ್ಟು ವರ್ಷ ನಡೆಸಬಹುದೋ ಎಂಬುದು ಈ ಒಂದು ಸಾಲಿನಿಂದ ತೀರ್ಮಾನವಾಗಬಹುದು. ಉಬುಂಟು 17.10ರಿಂದ 32 ಬಿಟ್‌ನ ಗಣಕಗಳಿಗೆ ಮೇಜುಗಣಕದ ಆವೃತ್ತಿಯನ್ನು ಕೊಡುತ್ತಿಲ್ಲ. ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ ಅಂಥ ಸಾಮಾನ್ಯ ಗಣಕಗಳಲ್ಲಿ ಅನುಸ್ಥಾಪನೆಯ ಸೌಲಭ್ಯವನ್ನು ನಿಲ್ಲಿಸಿದೆ.

ಹಳೆಯ ಕಡತಗಳ ಗೊಂದಲ

ವಿತರಣೆಯ ಹೆಸರನ್ನು ಹೇಳುವ ಕಡತಗಳು 'ಇಟಿಸಿ' ಎಂಬ ಡೈರೆಕ್ಟರಿಯಲ್ಲಿರುತ್ತವೆ. ಅವುಗಳಲ್ಲಿ 'ಇಶ್ಯೂ' ಎಂಬುದು ಹಳೆಯದು. ಇದರ ಉದ್ದೇಶ ಗುರುತು ಹೇಳುವುದಲ್ಲ. ಲಾಗಿನ್ ಆಗುವ ಮೊದಲು ಪರದೆಯ ಮೇಲೆ ತೋರಿಸುವ ಫಲಕ ಇದು. ಮೇಲ್ವಿಚಾರಕರು ಇಲ್ಲಿ 'ಅನುಮತಿಯಿಲ್ಲದೆ ಬಳಸಬಾರದು' ಎಂದು ಬರೆದಿಡುವುದು ಸಾಮಾನ್ಯ. ಆಗ ವಿತರಣೆಯ ಹೆಸರೇ ಅಲ್ಲಿರುವುದಿಲ್ಲ.

ಇದಲ್ಲದೆ ಒಂದೊಂದು ವಿತರಣೆಯೂ ತನ್ನದೇ ಕಡತವನ್ನು ಇಟ್ಟುಕೊಂಡಿತು. ಡೆಬಿಯನ್‌ನಲ್ಲಿ 'ಡೆಬಿಯನ್_ವರ್ಶನ್', ರೆಡ್ ಹ್ಯಾಟ್‌ನಲ್ಲಿ 'ರೆಡ್‌ಹ್ಯಾಟ್-ರಿಲೀಸ್', ಸೂಸೆಯಲ್ಲಿ ಇನ್ನೊಂದು. ತಂತ್ರಾಂಶ ಬರೆಯುವವರು 'ಈ ಕಡತ ಇದ್ದರೆ ಇದು ಡೆಬಿಯನ್, ಆ ಕಡತ ಇದ್ದರೆ ಅದು ರೆಡ್ ಹ್ಯಾಟ್' ಎಂದು ಸರಣಿಯಾಗಿ ಪರೀಕ್ಷಿಸುವ ಕ್ರಮ ರೂಢಿಗೆ ಬಂತು. ಈ ತರ್ಕ ದೋಷಪೂರಿತವಾದದ್ದು. ಡೆಬಿಯನ್ನಿನಿಂದ ಹುಟ್ಟಿದ ಉಬುಂಟುವಿನಲ್ಲೂ 'ಡೆಬಿಯನ್_ವರ್ಶನ್' ಕಡತವಿದೆ. ಉಬುಂಟು 22.04ರಲ್ಲಿ ಅದನ್ನು ತೆರೆದರೆ 'ಬುಕ್‌ವರ್ಮ್/ಸಿಡ್' ಎಂದು ಕಾಣುತ್ತದೆ. ಅದು ಆಗ ತಯಾರಾಗುತ್ತಿದ್ದ ಡೆಬಿಯನ್ನಿನ ಹೆಸರೇ ಹೊರತು ಉಬುಂಟುವಿನ ಆವೃತ್ತಿಯಲ್ಲ. ಹಾಗೆಯೇ 'ರೆಡ್‌ಹ್ಯಾಟ್-ರಿಲೀಸ್' ಕಡತವು ಸೆಂಟ್‌ಓಎಸ್, ರಾಕಿ, ಆಲ್ಮಾ ಲಿನಕ್ಸ್‌ಗಳಲ್ಲೂ ಇರುತ್ತದೆ. 'ಕಡತ ಇದೆ' ಎಂಬುದರಿಂದ ವಂಶ ತಿಳಿಯುತ್ತದೆ, ವ್ಯಕ್ತಿ ತಿಳಿಯುವುದಿಲ್ಲ.

ಈ ಗೊಂದಲ ನಿವಾರಿಸುವ ಒಂದು ಪ್ರಯತ್ನವೆಂದರೆ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಎಂಬ ಮಾನಕ. ಇದರ ಮೊದಲ ಆವೃತ್ತಿ 2001ರಲ್ಲಿ, 5.0 ಆವೃತ್ತಿ 2015ರಲ್ಲಿ ಪ್ರಕಟವಾಯಿತು. ಆಮೇಲೆ ಅದು ಮುಂದುವರಿಯಲಿಲ್ಲ. ಅದರಿಂದ ಉಳಿದು ಬಂದ ಆದೇಶ 'ಎಲ್‌ಎಸ್‌ಬಿ_ರಿಲೀಸ್ -ಎ'. ಉಬುಂಟುವಿನಲ್ಲಿ ಇದು ವಿತರಣೆಯ ಹೆಸರು, ಆವೃತ್ತಿ, ಸಂಕೇತನಾಮಗಳನ್ನು ಅಚ್ಚುಕಟ್ಟಾಗಿ ಕೊಡುತ್ತದೆ. ಆದರೆ ಎಲ್ಲ ವಿತರಣೆಗಳಲ್ಲೂ ಇದು ಮೊದಲೇ ಇರುವುದಿಲ್ಲ. ಹಲವೆಡೆ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಗುರುತೇ ತಿಳಿಯದ ಗಣಕದಲ್ಲಿ ಗುರುತು ಹೇಳುವ ತಂತ್ರಾಂಶವನ್ನು ಹೇಗೆ ಹಾಕುವುದು? ಇದೇ ಇದರ ದೊಡ್ಡ ಕೊರತೆ. ಉಬುಂಟುವಿನಲ್ಲಿ ಇದನ್ನು ಕೊಟ್ಟಾಗ ಮೊದಲಿಗೆ 'ಎಲ್‌ಎಸ್‌ಬಿ ಮಾಡ್ಯೂಲುಗಳು ಇಲ್ಲ' ಎಂಬರ್ಥದ ಸಾಲು ಬರುವುದುಂಟು. ವಿದ್ಯಾರ್ಥಿಗಳು ಇದನ್ನು ದೋಷವೆಂದು ತಿಳಿದು ಗಾಬರಿಯಾಗಬೇಕಿಲ್ಲ. ಕೆಳಗಿನ ಸಾಲುಗಳು ಸರಿಯಾಗಿಯೇ ಇರುತ್ತವೆ.

ಓಎಸ್-ರಿಲೀಸ್: ಒಳ್ಳೆಯ ಶಾಸನ, ಆದರೂ ಶಾಸನವೇ

2012ರಲ್ಲಿ ಸಿಸ್ಟಮ್‌ಡಿ ಯೋಜನೆಯವರು 'ಇಟಿಸಿ' ಡೈರೆಕ್ಟರಿಯಲ್ಲಿ 'ಓಎಸ್-ರಿಲೀಸ್' ಎಂಬ ಒಂದೇ ಹೆಸರಿನ ಕಡತವನ್ನು ಎಲ್ಲರೂ ಇಡಬೇಕೆಂದು ಸೂಚಿಸಿದರು. ಪ್ರಮುಖ ವಿತರಣೆಗಳೆಲ್ಲ ಇದನ್ನು ಒಪ್ಪಿಕೊಂಡವು. 'ಕ್ಯಾಟ್ /ಇಟಿಸಿ/ಓಎಸ್-ರಿಲೀಸ್' ಎಂದು ಕೊಟ್ಟರೆ ಹತ್ತು ಹನ್ನೆರಡು ಸಾಲುಗಳು ಬರುತ್ತವೆ. 'ನೇಮ್' ಎಂಬಲ್ಲಿ ಹೆಸರು, 'ಐಡಿ' ಎಂಬಲ್ಲಿ ತಂತ್ರಾಂಶಗಳು ಓದಲು ತಕ್ಕ ಸಣ್ಣ ಹೆಸರು, 'ವರ್ಶನ್_ಐಡಿ' ಎಂಬಲ್ಲಿ ಆವೃತ್ತಿ, 'ಐಡಿ_ಲೈಕ್' ಎಂಬಲ್ಲಿ ಅದು ಯಾವುದರ ವಂಶದ್ದು ಎಂಬ ಮಾಹಿತಿ ಇರುತ್ತದೆ. ಲಿನಕ್ಸ್ ಮಿಂಟ್‌ನಲ್ಲಿ 'ಐಡಿ_ಲೈಕ್' ಎದುರಿಗೆ ಉಬುಂಟು ಮತ್ತು ಡೆಬಿಯನ್ ಎರಡರ ಹೆಸರನ್ನೂ ಕಾಣಬಹುದು. ಯಾವ ತಂತ್ರಾಂಶವನ್ನೂ ಹೊಸದಾಗಿ ಹಾಕಬೇಕಿಲ್ಲ, ವಿಶೇಷ ಅನುಮತಿ ಬೇಕಿಲ್ಲ, ಮನುಷ್ಯನೂ ಯಂತ್ರವೂ ಓದಬಹುದು. ಒಂದೇ ಆದೇಶವನ್ನು ಕಲಿಸಬೇಕಾದರೆ ಕಲಿಸಬೇಕಾದದ್ದು ಇದನ್ನೇ.

ಆದರೂ ಇದರ ಮಿತಿಗಳನ್ನು ಹೇಳದೆ ಕಲಿಸಬಾರದು. ಮೊದಲನೆಯದಾಗಿ, ಇದು ವಿತರಣೆಯು ತನ್ನ ಬಗ್ಗೆ ತಾನೇ ಬರೆದುಕೊಂಡ ಪಠ್ಯ. ಮೇಲ್ವಿಚಾರಕರ ಅಧಿಕಾರವಿದ್ದವರು ಇದನ್ನು ತಿದ್ದಬಹುದು.

ಎರಡನೆಯದಾಗಿ, ಇದು ಎಲ್ಲ ವಿವರ ಕೊಡುವುದಿಲ್ಲ. ಡೆಬಿಯನ್ 12ರಲ್ಲಿ ಇದು '12' ಎಂದಷ್ಟೇ ಹೇಳುತ್ತದೆ. ಅದರ ಯಾವ ಪರಿಷ್ಕರಣೆ ಎಂಬುದನ್ನು ತಿಳಿಯಲು ಹಳೆಯ 'ಡೆಬಿಯನ್_ವರ್ಶನ್' ಕಡತವನ್ನೇ ತೆರೆಯಬೇಕು, ಅಲ್ಲಿ '12.5' ಎಂಬಂಥ ಸಂಖ್ಯೆ ಇರುತ್ತದೆ. ಹೊಸದು ಬಂದಿತೆಂದು ಹಳೆಯದನ್ನು ಎಸೆಯುವಂತಿಲ್ಲ ಎಂಬುದಕ್ಕೆ ಇದು ಉದಾಹರಣೆ. ಆರ್ಚ್ ಲಿನಕ್ಸ್‌ನಂತೆ ನಿರಂತರವಾಗಿ ನವೀಕರಣಗೊಳ್ಳುವ ವಿತರಣೆಗೆ ಆವೃತ್ತಿಯ ಸಂಖ್ಯೆಯೇ ಇಲ್ಲ.

ಮೂರನೆಯದಾಗಿ, ಕಂಟೈನರ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕರ್ನೆಲ್‌ನ ಮೇಲೆ ಹಲವು ವಿತರಣೆಗಳ ಕಡತಗಳನ್ನು ಪ್ರತ್ಯೇಕವಾಗಿ ನಡೆಸಬಹುದು. ಫೆಡೋರಾ ಗಣಕದಲ್ಲಿ ಡೆಬಿಯನ್ ಕಂಟೈನರ್ ತೆರೆದರೆ ಯುನೇಮ್ ಫೆಡೋರಾದ ಕರ್ನೆಲ್ಲನ್ನು ತೋರಿಸುತ್ತದೆ, ಓಎಸ್-ರಿಲೀಸ್ ಡೆಬಿಯನ್ ಎನ್ನುತ್ತದೆ. ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಸೌಲಭ್ಯದ ಎರಡನೆಯ ಆವೃತ್ತಿಯಲ್ಲೂ ಹೀಗೆಯೇ: ಕಡತ ಉಬುಂಟು ಎಂದರೆ ಕರ್ನೆಲ್‌ನ ಹೆಸರಿನಲ್ಲಿ 'ಮೈಕ್ರೋಸಾಫ್ಟ್' ಎಂದಿರುತ್ತದೆ. ಎರಡೂ ನಿಜ. ಎರಡು ಉತ್ತರ ಬಂದಾಗ ಒಂದು ಸುಳ್ಳಾಗಿರಲೇಬೇಕು ಎಂದು ಭಾವಿಸುವುದೇ ತಪ್ಪು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಶಕವರ್ಷ 500 ಎಂದು, ಅಂದರೆ ಕ್ರಿ.ಶ. 578 ಎಂದು, ತನ್ನ ಕಾಲವನ್ನು ತಾನೇ ಹೇಳುತ್ತದೆ. ಅದೇ ಊರಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಅಕ್ಷರಗಳ ಸ್ವರೂಪ ನೋಡಿ ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕಾಲ ಬರೆದಿರುವ ಶಾಸನದಲ್ಲೂ ಲಿಪಿ ಅದಕ್ಕೆ ಹೊಂದುತ್ತದೆಯೇ ಎಂದು ಶಾಸನತಜ್ಞರು ನೋಡದೆ ಬಿಡುವುದಿಲ್ಲ. ಓಎಸ್-ರಿಲೀಸ್ ಕಡತಕ್ಕೂ ಇಂಥದೇ ಒಂದು ಒಳಗಿನ ಸಾಕ್ಷ್ಯ ಬೇಕು.

ಪ್ಯಾಕೇಜುಗಳ ಸಾಕ್ಷ್ಯ

ಆ ಸಾಕ್ಷ್ಯ ಸಿಗುವುದು ಪ್ಯಾಕೇಜುಗಳ ದಾಖಲೆಯಲ್ಲಿ. ವಿತರಣೆಯ ಪ್ರತಿಯೊಂದು ತಂತ್ರಾಂಶವೂ ಪ್ಯಾಕೇಜ್ ರೂಪದಲ್ಲಿ ಬರುತ್ತದೆ. ಯಾವುದು, ಯಾವ ಆವೃತ್ತಿ ಎಂಬುದು ಗಣಕದಲ್ಲಿ ದಾಖಲಾಗಿರುತ್ತದೆ. ಡೆಬಿಯನ್ ವಂಶದಲ್ಲಿ ಈ ಕೆಲಸ ಮಾಡುವುದು 'ಡಿಪಿಕೆಜಿ', ರೆಡ್ ಹ್ಯಾಟ್ ಮತ್ತು ಸೂಸೆ ವಂಶಗಳಲ್ಲಿ 'ಆರ್‌ಪಿಎಂ', ಆರ್ಚ್‌ನಲ್ಲಿ 'ಪ್ಯಾಕ್‌ಮ್ಯಾನ್'.

ಇಲ್ಲೂ ಒಂದು ಎಚ್ಚರಿಕೆಯಿದೆ. 'ಆರ್‌ಪಿಎಂ' ಆದೇಶ ಕೆಲಸ ಮಾಡಿತೆಂದ ಮಾತ್ರಕ್ಕೆ ಅದು ರೆಡ್ ಹ್ಯಾಟ್ ವಂಶದ್ದಲ್ಲ. ಉಬುಂಟುವಿನಲ್ಲೂ ಅದನ್ನು ಹಾಕಿಕೊಳ್ಳಬಹುದು. ಆದ್ದರಿಂದ ಉಪಕರಣ ಇದೆಯೇ ಎಂದು ಕೇಳುವ ಬದಲು ದಾಖಲೆಯಲ್ಲಿ ಏನಿದೆ ಎಂದು ಕೇಳಬೇಕು. ಆದೇಶಗಳನ್ನು ಸ್ವೀಕರಿಸುವ 'ಬ್ಯಾಶ್' ಎಂಬ ಮೂಲ ತಂತ್ರಾಂಶ ಸಾಮಾನ್ಯವಾಗಿ ಇದ್ದೇ ಇರುತ್ತದೆ. 'ಡಿಪಿಕೆಜಿ -ಎಲ್ ಬ್ಯಾಶ್' ಅಥವಾ 'ಆರ್‌ಪಿಎಂ -ಕ್ಯೂ ಬ್ಯಾಶ್' ಕೊಟ್ಟು ನೋಡಿ. ಉಬುಂಟುವಿನಲ್ಲಿ ಆವೃತ್ತಿಯ ಸಂಖ್ಯೆಯೊಳಗೇ 'ಉಬುಂಟು' ಎಂಬ ಪದ ಸೇರಿರುವುದನ್ನು ಕಾಣುವಿರಿ. ಫೆಡೋರಾದಲ್ಲಿ ಕೊನೆಗೆ 'ಎಫ್‌ಸಿ' ಮತ್ತು ಅಂಕಿ ಇರುತ್ತದೆ. ಮಿಂಟ್ ತನ್ನ ಬಹುಪಾಲು ಪ್ಯಾಕೇಜುಗಳನ್ನು ಉಬುಂಟುವಿನಿಂದಲೇ ಪಡೆಯುವುದರಿಂದ ಅಲ್ಲಿಯೂ 'ಉಬುಂಟು' ಎಂದೇ ಬರಬಹುದು. ಓಎಸ್-ರಿಲೀಸ್ 'ಮಿಂಟ್' ಎನ್ನುತ್ತದೆ, ಪ್ಯಾಕೇಜ್ 'ಉಬುಂಟು' ಎನ್ನುತ್ತದೆ. ಎರಡನ್ನೂ ಸೇರಿಸಿ ಓದಿದಾಗಲೇ ಪೂರ್ಣ ಚಿತ್ರ.

ಇಳಕಲ್ ಸೀರೆಯನ್ನು ಬಲ್ಲವರು ಇದನ್ನು ಸುಲಭವಾಗಿ ಒಪ್ಪಿಯಾರು. ಚೀಟಿಯ ಮೇಲೆ ಇಳಕಲ್ ಎಂದು ಎಲ್ಲಿ ಬೇಕಾದರೂ ಮುದ್ರಿಸಬಹುದು. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿದ ಕ್ರಮ ನೇಯ್ಗೆಯಲ್ಲೇ ಇರುತ್ತದೆ. ಬಲ್ಲವರು ಚೀಟಿ ಓದಿದ ಮೇಲೆ ಸೆರಗು ಕೂಡುವ ಜಾಗವನ್ನೂ ನೋಡುತ್ತಾರೆ.

ಮಾರ್ಪಡಿಸಿದ ವಿತರಣೆಗಳು

ನಮ್ಮ ಶಾಲೆಗಳಿಗೆ ಇದು ಏಕೆ ಮುಖ್ಯ? ಶಿಕ್ಷಣ ಕ್ಷೇತ್ರದಲ್ಲಿ ಬಳಕೆಯಾಗುವ ಲಿನಕ್ಸ್ ಬಹುಮಟ್ಟಿಗೆ ಬೇರೊಂದರಿಂದ ಮಾರ್ಪಡಿಸಿದ್ದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳಲ್ಲಿ ಅಲ್ಲಿನ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಸಿದ್ಧಪಡಿಸಿದ ಕೈಟ್ ಗ್ನೂ/ಲಿನಕ್ಸ್ ಬಳಕೆಯಲ್ಲಿದೆ. ಸಿ-ಡ್ಯಾಕ್ 2007ರಲ್ಲಿ ಹೊರತಂದ ಬಾಸ್ ಲಿನಕ್ಸ್ ಡೆಬಿಯನ್ನನ್ನು ಆಧರಿಸಿದ್ದು. ಕನ್ನಡವೂ ಸೇರಿ ಭಾರತೀಯ ಭಾಷೆಗಳ ಬಳಕೆಗೆ ಅನುಕೂಲ ಮಾಡಿಕೊಡುವುದು ಅದರ ಉದ್ದೇಶಗಳಲ್ಲಿ ಒಂದು. ಕರ್ನಾಟಕದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಗಿದೆ.

ಹೀಗೆ ಮಾರ್ಪಡಿಸಿದವರು ಗುರುತಿನ ಕಡತವನ್ನೂ ಬದಲಿಸಿದರೆ ಹೊಸ ಹೆಸರು ಬರುತ್ತದೆ. ಬದಲಿಸದಿದ್ದರೆ ಮೂಲದ ಹೆಸರೇ ಉಳಿಯುತ್ತದೆ. ಮೊದಲ ಸಂದರ್ಭದಲ್ಲಿ ಮೂಲ ಮರೆಯಾಗುವ ಅಪಾಯ, ಎರಡನೆಯದರಲ್ಲಿ ಮಾರ್ಪಾಡು ಮರೆಯಾಗುವ ಅಪಾಯ. ಮಾರ್ಪಡಿಸುವವರು ತಮ್ಮ ಹೆಸರನ್ನು 'ಐಡಿ'ಯಲ್ಲೂ ಮೂಲದ ಹೆಸರನ್ನು 'ಐಡಿ_ಲೈಕ್'ನಲ್ಲೂ ತಪ್ಪದೆ ಬರೆಯಬೇಕು. ಇದು ಎರಡು ಸಾಲಿನ ಕೆಲಸ.

ತಪ್ಪು ಗುರುತಿನ ಬೆಲೆ

ಬಾಗಲಕೋಟೆಯ ಒಂದು ಪ್ರೌಢಶಾಲೆಯ ಗಣಕದಲ್ಲಿ ಕನ್ನಡ ಅಕ್ಷರಗಳ ಬದಲು ಬರಿಯ ಚೌಕಗಳು ಕಾಣುತ್ತಿವೆ ಎಂದಿಟ್ಟುಕೊಳ್ಳಿ. ಕನ್ನಡ ಫಾಂಟ್ ಹಾಕಬೇಕು. ಲೋಹಿತ್ ಫಾಂಟಿನ ಪ್ಯಾಕೇಜಿಗೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ' ಎಂದು ಹೆಸರು, ಫೆಡೋರಾದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್' ಎಂದು ಹೆಸರು. ಫಾಂಟ್ ಒಂದೇ, ಆದೇಶ ಬೇರೆ. ವಿತರಣೆ ತಿಳಿಯದಿದ್ದರೆ ಇಷ್ಟು ಸಣ್ಣ ಕೆಲಸವೂ ನಿಲ್ಲುತ್ತದೆ.

ಕೆಲಸ ನಿಂತರೆ ಅಷ್ಟೇನೂ ನಷ್ಟವಿಲ್ಲ. ಉಬುಂಟು ಮತ್ತು ಡೆಬಿಯನ್ ಒಂದೇ ವಂಶವೆಂದು ತಿಳಿದು ಒಂದರ ಪ್ಯಾಕೇಜ್ ಭಂಡಾರವನ್ನು ಇನ್ನೊಂದಕ್ಕೆ ಸೇರಿಸಿದರೆ ಮೂಲ ಗ್ರಂಥಾಲಯಗಳ ಆವೃತ್ತಿಗಳು ಹೊಂದದೆ ಇಡೀ ವ್ಯವಸ್ಥೆ ಕೆಡಬಹುದು. ಡೆಬಿಯನ್ ಬಳಕೆದಾರರ ಕೈಪಿಡಿಗಳು ಈ ಬೆರಕೆಯನ್ನು ಮಾಡಬಾರದೆಂದು ಸ್ಪಷ್ಟವಾಗಿ ಎಚ್ಚರಿಸುತ್ತವೆ.

ಇನ್ನೊಂದು ಸಂಗತಿ ಭದ್ರತೆಯದು. ಪ್ರತಿ ಆವೃತ್ತಿಗೂ ಆಯುಷ್ಯವಿದೆ. ಉಬುಂಟು 18.04ರ ಸಾಮಾನ್ಯ ಬೆಂಬಲ 2023ರಲ್ಲಿ ಮುಗಿಯಿತು. 2029ರವರೆಗೆ ಇರುವುದೆಂದು ಹೇಳಲಾಗಿದ್ದ ಸೆಂಟ್‌ಓಎಸ್ 8ರ ಬೆಂಬಲವನ್ನು 2021ರ ಡಿಸೆಂಬರ್‌ನಲ್ಲೇ ಕೊನೆಗೊಳಿಸಲಾಯಿತು. ಸೆಂಟ್‌ಓಎಸ್ 7 ಕೂಡ 2024ರ ಜೂನ್‌ಗೆ ಮುಗಿಯಿತು. ಬೆಂಬಲ ಮುಗಿದ ಗಣಕ ನಿಲ್ಲುವುದಿಲ್ಲ, ಎಂದಿನಂತೆ ನಡೆಯುತ್ತದೆ. ಪತ್ತೆಯಾದ ಲೋಪಗಳಿಗೆ ತಿದ್ದುಪಡಿ ಮಾತ್ರ ಬರುವುದಿಲ್ಲ. ಹೊರನೋಟಕ್ಕೆ ಏನೂ ಗೊತ್ತಾಗದ ಕಾರಣದಿಂದಲೇ ಆವೃತ್ತಿಯನ್ನು ಕೇಳಿ ತಿಳಿಯಬೇಕು. ಓಎಸ್-ರಿಲೀಸ್ ಕಡತದಲ್ಲಿ ಬೆಂಬಲ ಮುಗಿಯುವ ದಿನಾಂಕವನ್ನು ಬರೆಯಲು 2022ರಿಂದ ಪ್ರತ್ಯೇಕ ಅಂಕಣವಿದೆ. ಫೆಡೋರಾ ಅದನ್ನು ತುಂಬುತ್ತದೆ. ಎಲ್ಲ ವಿತರಣೆಗಳೂ ತುಂಬಿದರೆ ಶಾಲೆಗಳಿಗೆ ದೊಡ್ಡ ಉಪಕಾರವಾದೀತು.

ತರಗತಿಯಲ್ಲಿ ಮಾಡಬೇಕಾದದ್ದು

ಈ ವಿಷಯದಲ್ಲಿ ಟೀಕಿಸಬೇಕಾದದ್ದು ಆದೇಶಗಳನ್ನಲ್ಲ. ಅವು ತಮ್ಮ ತಮ್ಮ ಕೆಲಸವನ್ನು ಮಾಡುತ್ತವೆ. 'ವಿತರಣೆ ತಿಳಿಯುವ ಆದೇಶ ಬರೆಯಿರಿ' ಎಂದು ಒಂದು ಅಂಕದ ಪ್ರಶ್ನೆ ಕೇಳಿ, ಒಂದು ಪದದ ಉತ್ತರಕ್ಕೆ ಅಂಕ ಕೊಡುವ ಕ್ರಮವನ್ನು ಟೀಕಿಸಬೇಕು. ರಸಾಯನ ಪ್ರಯೋಗಾಲಯದಲ್ಲಿ ಲವಣದ ಗುರುತು ಹಿಡಿಯುವಾಗ ಪ್ರಾಥಮಿಕ ಪರೀಕ್ಷೆಯ ನಂತರ ದೃಢೀಕರಣ ಪರೀಕ್ಷೆಯನ್ನೂ ಮಾಡಿಸುತ್ತೇವೆ. ಬಣ್ಣ ನೋಡಿ ತಾಮ್ರದ ಲವಣವೆಂದು ಬರೆದರೆ ಪೂರ್ಣ ಅಂಕ ಕೊಡುವುದಿಲ್ಲ. ಅದೇ ಶಿಸ್ತು ಗಣಕ ಪ್ರಯೋಗಾಲಯಕ್ಕೂ ಬರಬೇಕು.

ಇದಕ್ಕೆ ಖರ್ಚಿಲ್ಲ. ಪ್ರಯೋಗಾಲಯದ ಪ್ರತಿ ಗಣಕಕ್ಕೂ ದಾಖಲೆ ಪುಸ್ತಕದಲ್ಲಿ ಒಂದು ಪುಟ ಮೀಸಲಿಡಿ. ವಿದ್ಯಾರ್ಥಿಗಳು ಅದರಲ್ಲಿ ಆರು ಸಾಲು ತುಂಬಲಿ: ಓಎಸ್-ರಿಲೀಸ್ ಹೇಳಿದ ಹೆಸರು ಮತ್ತು ಆವೃತ್ತಿ, 'ಐಡಿ_ಲೈಕ್' ಹೇಳಿದ ವಂಶ, ಯುನೇಮ್ ಹೇಳಿದ ಕರ್ನೆಲ್, ಎಲ್‌ಎಸ್‌ಸಿಪಿಯು ಹೇಳಿದ ಸಂಸ್ಕಾರಕದ ಸಾಮರ್ಥ್ಯ, ಬ್ಯಾಶ್ ಪ್ಯಾಕೇಜಿನ ಪೂರ್ಣ ಆವೃತ್ತಿ, ಆ ವಿತರಣೆಯ ಬೆಂಬಲ ಮುಗಿಯುವ ದಿನಾಂಕ. ಇವು ಒಂದಕ್ಕೊಂದು ಹೊಂದುತ್ತವೆಯೇ, ಹೊಂದದಿದ್ದರೆ ಏಕೆ ಎಂಬುದನ್ನು ಕೆಳಗೆ ಎರಡು ವಾಕ್ಯಗಳಲ್ಲಿ ವಿವರಿಸಲಿ. ಅಂಕವನ್ನು ಈ ಎರಡು ವಾಕ್ಯಗಳಿಗೆ ಕೊಡಬೇಕು. ವರ್ಷಕ್ಕೊಮ್ಮೆ, ಶಾಲೆ ಪುನರಾರಂಭವಾದ ವಾರದಲ್ಲಿ, ಈ ಪುಟವನ್ನು ಹೊಸದಾಗಿ ತುಂಬಿದರೆ ಯಾವ ಗಣಕಕ್ಕೆ ಹೊಸ ವಿತರಣೆ ಬೇಕು, ಯಾವುದು ಹಾಗೆಯೇ ನಡೆಯಬಹುದು ಎಂಬ ಪಟ್ಟಿ ಶಿಕ್ಷಕರ ಕೈಗೆ ತಾನಾಗಿಯೇ ಸಿಗುತ್ತದೆ.